ವಿದೇಶಕ್ಕೆ ಕೇಸಿನ ಕಾಗದ ಕಳಿಸುವ ಕೆಲಸ: ನನ್ನ ಅನುಭವ

ಮುಂಬೈಯ ಫೋರ್ಟ್‌ನಲ್ಲಿ ಹಿರಿಯ ಸರ್ಕಾರಿ ವಕೀಲರೊಬ್ಬರ ಕೈಕೆಳಗೆ ಕೆಲಸ ಮಾಡುತ್ತೇನೆ. ಆರೋಪಿಯೋ ಹಣವೋ ದೇಶ ದಾಟಿದಾಗ ಸಾಕ್ಷ್ಯ, ದಾಖಲೆ ಕೊಡಿಸಿ ಅಂತ ಆ ದೇಶಕ್ಕೆ ಹೋಗುವ ವಿನಂತಿ ಪತ್ರದ ಕರಡು ಬರೆಯುವುದು ನನ್ನ ಪಾಲಿಗೆ ಬಂದಿದೆ. ಲೆಟರ್ ರೋಗಟರಿ ಅಂತಾರೆ. ಇದಕ್ಕೆ ಮೊದಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 166ಎ ಕಲಂ ಇತ್ತು, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 112ನೇ ಕಲಂ.

ಊರಿಗೆ ಹೋದರೆ ಎಲ್ಲರದ್ದೂ ಒಂದೇ ಮಾತು, 'ರೆಡ್ ಕಾರ್ನರ್ ನೋಟಿಸ್ ಬಂತಂತೆ, ಇನ್ನು ಕಥೆ ಮುಗೀತು ಅಲ್ವಾ?' ಎಲ್ಲಿಯ ಮುಗಿಯೋದು! ಅದು ಬೇಕಾದವರನ್ನು ಹುಡುಕಿ ಹಿಡಿಯಿರಿ ಅಂತ ದೇಶದೇಶಗಳ ಪೊಲೀಸರ ಸಂಸ್ಥೆ ಇಂಟರ್‌ಪೋಲ್ ಹೊರಡಿಸುವ ಸೂಚನೆ ಅಷ್ಟೆ, ಇಂಟರ್‌ಪೋಲ್ ತಾನೇ ಹೋಗಿ ಯಾರನ್ನೂ ಬಂಧಿಸುವುದಿಲ್ಲ. ಹಿಡಿಯುವುದು ಬಿಡುವುದು ಆಯಾ ದೇಶದ ಕಾನೂನಿಗೆ ಬಿಟ್ಟಿದ್ದು. ಮಲ್ಪೆ ಮೂಲದ ಭೂಗತ ಪಾತಕಿ ರವಿ ಪೂಜಾರಿ ಸೆನೆಗಲ್‌ನಲ್ಲಿ ಸಿಕ್ಕಿದ್ದು 2019ರ ಜನವರಿಯಲ್ಲಿ. ತಾನು ಬುರ್ಕಿನಾ ಫಾಸೋದ ಆಂಟನಿ ಫರ್ನಾಂಡಿಸ್ ಅಂತ ವಾದ ಮಾಡಿ, ಬೆಂಗಳೂರಿಗೆ ಬರುವಾಗ 2020ರ ಫೆಬ್ರವರಿ ಆಗಿತ್ತು.

ನಮ್ಮ ಕೈಗೆ ಬಂದ ಕೇಸೊಂದರಲ್ಲಿ ದೂರುದಾರರು ಕುಂದಾಪುರ ಕಡೆಯವರು, ಘಾಟ್‌ಕೋಪರ್‌ನಲ್ಲಿ ಹೋಟೆಲ್. ವಿದೇಶದ ನಂಬರಿನಿಂದ ಹಫ್ತಾ ಕೇಳಿ ಫೋನು. ಹೆದರಿ ಕೊಟ್ಟ ದುಡ್ಡು ಇಲ್ಲಿನ ಯಾರದ್ದೋ ಬಾಡಿಗೆ ಖಾತೆಗೆ ಬಿದ್ದು, ಅಲ್ಲಿಂದ ದುಬೈಗೆ ಹೋಗಿತ್ತು. ಅವರು ಕುಂದಗನ್ನಡದಲ್ಲಿ ಹೇಳಿದ್ದನ್ನು ಠಾಣೆಯಲ್ಲಿ ಮರಾಠಿಗೆ ಇಳಿಸಿದ್ದರು, ನಾನು ಇಂಗ್ಲಿಷ್‌ನಲ್ಲಿ ಬರೆಯಬೇಕು, ಆಮೇಲೆ ಅರಬ್ಬಿ. ಇಷ್ಟು ಕೈ ದಾಟುವಾಗ ತಾರೀಕು, ಮೊತ್ತ, ಹೆಸರಿನ ಸ್ಪೆಲಿಂಗ್ ಒಂದಕ್ಕೊಂದು ತಾಳೆಯಾಗಬೇಕು. ಹಾಗಾಗಿ ಅವರನ್ನೇ ಕೂರಿಸಿಕೊಂಡು, ಕನ್ನಡದಲ್ಲೇ ಇನ್ನೊಮ್ಮೆ ಕೇಳಿ ಪಾಸ್‌ಬುಕ್ಕಿನ ಪಕ್ಕ ಇಟ್ಟು ನೋಡಿದೆ.

ತನಿಖಾಧಿಕಾರಿ ಕಳಿಸಿದ ಟಿಪ್ಪಣಿಯಲ್ಲಿ 'ಆರೋಪಿಯ ಎಲ್ಲ ಬ್ಯಾಂಕ್ ಖಾತೆಗಳ ವಿವರ ಕೊಡಿಸಿ' ಅಂತಿತ್ತು. ಇದು ಹೋದ ದಾರೀಲೇ ವಾಪಸ್ ಬರುತ್ತೆ. ಸುಮ್ನೆ ಬಲೆ ಬೀಸುತ್ತಿದ್ದೀರಿ ಅನ್ನುತ್ತಾರೆ ಆ ದೇಶದವರು. ನಾನು ಅದನ್ನು ಹೀಗೆ ಬದಲಿಸಿದೆ: ಇಂಥ ನಂಬರಿನ ಖಾತೆ, ಇಂಥ ದಿನದಿಂದ ಇಂಥ ದಿನದವರೆಗಿನ ಸ್ಟೇಟ್‌ಮೆಂಟ್, ಖಾತೆ ತೆರೆದ ಫಾರಂ, ಜೊತೆಗೆ ಕೊಟ್ಟ ಗುರುತಿನ ಚೀಟಿಯ ಪ್ರತಿ. ಪ್ರತಿಯೊಂದರ ಕೆಳಗೆ ಅದು ಯಾಕೆ ಬೇಕು ಅಂತ ಎರಡು ಸಾಲು. ಅಪರಾಧ ಅವರ ಕಾನೂನಿನಲ್ಲೂ ಅಪರಾಧವಾಗಿರಬೇಕು ಅನ್ನುವ ತಕರಾರು ಬರಬಹುದು, ಅದಕ್ಕೇ ಮೋಕಾ ಅಂತ ಬರೆದು ಬಿಡುವಂತಿಲ್ಲ, ಸಂಘಟಿತ ಅಪರಾಧಕ್ಕೆ ಮಹಾರಾಷ್ಟ್ರ ಮಾಡಿದ ನಮ್ಮ ಈ 1999ರ ಕಾನೂನು ಅವರಿಗೇನು ಗೊತ್ತು? ಬೆದರಿಸಿ ಹಣ ಕಿತ್ತಿದ್ದು ಅಂತ ಬಿಡಿಸಿ ಬರೆಯಬೇಕು.

ಕೊಟ್ಟ ಮಾತಿನ ವಿಷಯದಲ್ಲಿ ನಾನು ಜಾಸ್ತಿ ಹುಷಾರು. 1993ರ ಮುಂಬೈ ಸ್ಫೋಟದ ಅಬು ಸಲೇಂನನ್ನು 2005ರಲ್ಲಿ ಪೋರ್ಚುಗಲ್‌ನಿಂದ ತರುವ ಮೊದಲೇ, 25 ವರ್ಷ ಮೀರಿ ಜೈಲಿಲ್ಲ ಅಂತ ಭಾರತ ಆ ದೇಶಕ್ಕೆ ಬರೆದುಕೊಟ್ಟಿತ್ತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪಾಲಿಸಲೇಬೇಕು ಅಂದಿತು. ನಮ್ಮ ಪತ್ರದಲ್ಲೂ 'ಈ ದಾಖಲೆಯನ್ನು ಈ ಕೇಸಿಗೆ ಮಾತ್ರ ಬಳಸುತ್ತೇವೆ' ಅಂತ ಬರೆದಿದ್ದೇವೆ. ಬೇರೆ ಠಾಣೆಯವರು ಬಂದು ಪ್ರತಿ ಕೇಳಿದರೂ ಕೊಡುವಂತಿಲ್ಲ, ಅದಕ್ಕೆ ಆ ದೇಶದ ಅನುಮತಿ ಮತ್ತೆ ಬೇಕು.

ಕರಡು ಗೃಹ ಸಚಿವಾಲಯದ ಒಪ್ಪಿಗೆಗೆ ಹೋಗಿ ಬಂದು, ಕೋರ್ಟಿನ ಸಹಿ ಬಿದ್ದು ಹೊರಟಿತು. ಹಣ ಕೆಲವೇ ನಿಮಿಷಗಳಲ್ಲಿ ದಾಟಿತ್ತು, ಕಾಗದಕ್ಕೆ ತಿಂಗಳುಗಳೇ ಹಿಡಿದವು. ಕೊನೆಗೆ ಸ್ಟೇಟ್‌ಮೆಂಟ್ ಬಂತು. ದುಡ್ಡು ಆ ಖಾತೆಯಿಂದಲೂ ಮೂರನೇ ದೇಶಕ್ಕೆ ಹೋಗಿದೆ, ಅಲ್ಲಿಗೆ ಹೊಸ ಪತ್ರದ ಕರಡು ಶುರು ಮಾಡಿದ್ದೇನೆ.