ಟ್ರಕ್ಕಿನ ಮೂತಿಯಿಂದ ನೇತಾಡುವ ಪ್ಲಗ್

ಕೆನಡಾದ ಎಡ್ಮಂಟನ್‌ಗೆ ಬಂದ ಹೊಸದರಲ್ಲಿ ಹಳೆಯ ಪಿಕಪ್ ಟ್ರಕ್ಕೊಂದನ್ನು ಕೊಂಡೆ. ಅದರ ಮುಂದಿನ ಜಾಲರಿಯಿಂದ ಮೂರು ಪಿನ್ನಿನ ಕಪ್ಪು ಪ್ಲಗ್ ಒಂದು ನೇತಾಡುತ್ತಿತ್ತು. ಹಿಂದಿನ ಮಾಲೀಕ ಯಾವುದೋ ದೀಪ ಹಾಕಿಸಿ ತಂತಿ ಬಿಟ್ಟುಹೋಗಿದ್ದಾನೆ ಎಂದುಕೊಂಡು, ಅದನ್ನು ಸುತ್ತಿ ಒಳಗೆ ತುರುಕಿ ದಾರದಿಂದ ಬಿಗಿದು ಕಟ್ಟಿದೆ. ಅದು ಸೆಪ್ಟೆಂಬರ್. ಡಿಸೆಂಬರ್‌ನ ಒಂದು ಬೆಳಿಗ್ಗೆ, ಮೈನಸ್ 31ರ ಚಳಿಯಲ್ಲಿ ಕೀಲಿ ತಿರುಗಿಸಿದರೆ ಟ್ರಕ್ ಒಮ್ಮೆ ನರಳಿ ಸುಮ್ಮನಾಯಿತು. ಹೊಸ ಕೆಲಸಕ್ಕೆ ಸೇರಿ ಆಗಿನ್ನೂ ಮೂರನೆಯ ವಾರ. ಅಪ್ಪನ ಬಜಾಜ್ ಚೇತಕ್ ಆಗಿದ್ದರೆ ಓರೆ ಮಾಡಿ ನಾಲ್ಕು ಕಿಕ್ ಹೊಡೆಯಬಹುದಿತ್ತು. ಎರಡು ಟನ್ನಿನ ಟ್ರಕ್ಕನ್ನು ಯಾವ ಕಡೆಗೆ ಓರೆ ಮಾಡುವುದು?

ಪಕ್ಕದ ಮನೆಯ ಹಿರಿಯರು ಹಿಮ ಎತ್ತಿಹಾಕುತ್ತಿದ್ದರು. ಬಂದು ನೋಡಿದರು, ನಾನು ಅಷ್ಟು ಅಚ್ಚುಕಟ್ಟಾಗಿ ಹಾಕಿದ್ದ ಗಂಟನ್ನು ಬಿಚ್ಚಿ ಪ್ಲಗ್ಗನ್ನು ನನ್ನ ಕೈಗಿಟ್ಟು ನಕ್ಕರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಆ ಪ್ಲಗ್ಗಿನ ಇನ್ನೊಂದು ತುದಿಯಲ್ಲಿ ಇರುವುದೇ ಬ್ಲಾಕ್ ಹೀಟರ್. ನಮ್ಮವರಿಗೆ ಇದನ್ನು ವಿವರಿಸುವುದು ಸುಲಭ: ಊರಿನಲ್ಲಿ ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಇದೆಯಲ್ಲ, ಅದೇ. ಬಕೆಟ್ಟಿನ ಜಾಗದಲ್ಲಿ ಎಂಜಿನ್, ನೀರಿನ ಜಾಗದಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ. ಆ ಚಳಿಯಲ್ಲಿ ಎಂಜಿನ್ ಆಯಿಲ್ ಜೋನಿಬೆಲ್ಲವಾಗಿರುತ್ತದೆ, ಬ್ಯಾಟರಿಗೂ ಕಸುವಿರುವುದಿಲ್ಲ; ಎಂಜಿನ್ ಸ್ವಲ್ಪ ಬೆಚ್ಚಗಿದ್ದರೆ ಎರಡಕ್ಕೂ ಕೆಲಸ ಹಗುರ. ಗಡಿಯ ಆಚೆ ನಾರ್ತ್ ಡಕೋಟಾದ ಆಂಡ್ರ್ಯೂ ಫ್ರೀಮನ್ ಎಂಬುವರು ಇಂಥ ಹೀಟರ್‌ಗೆ 1949ರಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಮೊದಲು ಇಲ್ಲಿಯವರು ರಾತ್ರಿ ಆಯಿಲ್ ಇಳಿಸಿಕೊಂಡು ಮನೆಯೊಳಗೆ ಒಲೆಯ ಪಕ್ಕ ಇಡುತ್ತಿದ್ದರಂತೆ. ನಮ್ಮ ಕಷ್ಟ ಯಾವ ಲೆಕ್ಕ.

ಲೈಸೆನ್ಸ್, ವಿಮೆ, ನಂಬರ್ ಪ್ಲೇಟಿನ ವಿಷಯ ರಿಜಿಸ್ಟ್ರಿ ಎಂಬ ನೋಂದಣಿ ಕಚೇರಿಯಲ್ಲಿ ಹೇಳುತ್ತಾರೆ. ನಮ್ಮ ಈ ಆಲ್ಬರ್ಟಾ ಪ್ರಾಂತ್ಯದಲ್ಲಿ ನೆಲೆಸಿದ 90 ದಿನಗಳೊಳಗೆ ಇಲ್ಲಿಯ ಲೈಸೆನ್ಸ್ ಮಾಡಿಸಿಕೊಳ್ಳಿ, ಅಷ್ಟೇ. ಅವರು ಯಾರೂ ಹೇಳದಿರುವುದು ತಂತಿಯ ವಿಷಯ.

ನನ್ನ ಎರಡನೆಯ ತಪ್ಪು ತಂತಿಯದೇ. ಮನೆಯೊಳಗೆ ಟೇಬಲ್ ದೀಪಕ್ಕೆ ಹಾಕುವ ತೆಳ್ಳನೆಯ ಎಕ್ಸ್‌ಟೆನ್ಷನ್ ತಂತಿಯನ್ನು ಹೊರಗೆ ಎಳೆದೆ. ಕರೆಂಟ್ ಕರೆಂಟೇ ತಾನೆ ಎಂಬ ನಮ್ಮೂರಿನ ಧೈರ್ಯ. ಬೆಳಿಗ್ಗೆ ಅದು ಒಣಗಿದ ತೊಗರಿ ಕಡ್ಡಿಯಂತೆ ಸೆಟೆದು ನಿಂತಿತ್ತು, ಮಡಿಸಿದಲ್ಲಿ ಸಿಪ್ಪೆ ಸೀಳಿತ್ತು, ಜೋಡಣೆಯ ಜಾಗ ಮಾತ್ರ ಕೈಗೆ ಬಿಸಿ. ಎಂಜಿನ್ ಕಾಯಬೇಕಾದಲ್ಲಿ ತಂತಿ ಕಾಯ್ದಿತ್ತು. ಬೆಂಕಿ ಹತ್ತದೇ ಇದ್ದದ್ದು ಯಾರ ಪುಣ್ಯವೋ. ಹೊರಾಂಗಣಕ್ಕೆಂದೇ ಮಾಡಿದ, ಚಳಿಯಲ್ಲೂ ಬಾಗುವ, ಮೂರು ಪಿನ್ನಿನ ತಂತಿ ಕೊಳ್ಳಿ. 14 ಅಥವಾ 12 ಗೇಜ್ ಇರಲಿ. ಇಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ. ಈ ಉಲ್ಟಾ ಲೆಕ್ಕದಲ್ಲಿಯೂ ನಾನು ಒಮ್ಮೆ ಮೋಸ ಹೋಗಿದ್ದೇನೆ.

ಮೂರನೆಯದು ಹೇಳಿಕೊಳ್ಳಲು ನಾಚಿಕೆ. ಒಳ್ಳೆಯ ತಂತಿ ತಂದೆ, ಪ್ಲಗ್ ಚುಚ್ಚಿದೆ, ನಿಶ್ಚಿಂತೆಯಿಂದ ಮಲಗಿದೆ. ಬೆಳಿಗ್ಗೆ ಮತ್ತೆ ಅದೇ ನರಳಾಟ. ಹೊರಗೋಡೆಯ ಸಾಕೆಟ್ಟಿನಲ್ಲಿ ಶಾಕ್ ತಡೆಯುವ ಸ್ವಿಚ್ಚು ಹೊರಚಿಮ್ಮಿ ರಾತ್ರಿಯೆಲ್ಲ ಕರೆಂಟೇ ಇರಲಿಲ್ಲ. ಚುಚ್ಚಿದ ಮಾತ್ರಕ್ಕೆ ಕಾಯುತ್ತಿದೆ ಎಂದು ನಂಬಬೇಡಿ. ಪ್ಲಗ್ ಹಾಕಿದ ಮೇಲೆ ಬಾನೆಟ್ಟಿನ ಹತ್ತಿರ ಕಿವಿ ಇಡಿ. ನಮ್ಮ ಬಚ್ಚಲಿನ ಹಂಡೆ ಕಾಯಲು ಶುರುವಾದಾಗ ತಳದಿಂದ ಗುಂಯ್ ಎಂಬ ಸಣ್ಣ ಸದ್ದು ಬರುತ್ತದಲ್ಲ, ಅದೇ ಜಾತಿಯ ಸದ್ದು ಕೇಳಿಸಬೇಕು. ಅಮ್ಮ ಹಂಡೆಯ ಮುಚ್ಚಳ ತೆಗೆಯದೆಯೇ ಆ ಸದ್ದಿನ ಮೇಲೆ ನಮ್ಮನ್ನು ಸ್ನಾನಕ್ಕೆ ಕರೆಯುತ್ತಿದ್ದಳು. ಆದರೆ ಕೆಲವು ಟ್ರಕ್ಕುಗಳ ತಂತಿಯಲ್ಲಿ ಥರ್ಮೋಸ್ಟಾಟ್ ಇರುತ್ತದೆ, ಮೈನಸ್ 18ರ ಆಸುಪಾಸಿಗೆ ಇಳಿಯುವವರೆಗೆ ಅದು ಕರೆಂಟನ್ನೇ ಒಳಗೆ ಬಿಡುವುದಿಲ್ಲ. ಸದ್ದಿಲ್ಲವೆಂದು ಕೂಡಲೇ ಗ್ಯಾರೇಜಿಗೆ ಓಡಬೇಡಿ. ನಾನು ಓಡಿ ಹಣ ಕೊಟ್ಟು ಬಂದೆ.

ಚಳಿ ಮೈನಸ್ 15ಕ್ಕಿಂತ ಕೆಳಗಿಳಿದರೆ ಪ್ಲಗ್ ಹಾಕಿ. ರಾತ್ರಿಯಿಡೀ ಬೇಡ, ಹೊರಡುವ ಮೂರು ಗಂಟೆ ಮೊದಲು ಸಾಕು. ಟೈಮರ್ ಸಿಗುತ್ತದೆ. 600 ವ್ಯಾಟಿನ ಹೀಟರ್ ಮೂರು ಗಂಟೆಗೆ ಎರಡು ಯೂನಿಟ್‌ಗೂ ಕಡಿಮೆ. ಹತ್ತು ಗಂಟೆ ಬಿಟ್ಟರೆ ಆರು. ಕೊಠಡಿಯಿಂದ ಹೊರಬರುವಾಗ ದೀಪ ಆರಿಸದಿದ್ದರೆ ಬೈಸಿಕೊಂಡು ಬೆಳೆದ ನಾನು ಆ ಚಳಿಗಾಲದ ಬಿಲ್ಲನ್ನು ಹೆಂಡತಿಗೆ ತೋರಿಸಲಿಲ್ಲ.

ಒಂದು ವರ್ಷ ಅಪ್ಪ ಜನವರಿಯಲ್ಲಿ ಬಂದಿದ್ದರು. ಬೇಸಿಗೆಯಲ್ಲಿ ಬನ್ನಿ ಎಂದರೆ, ಸುಗ್ಗಿ ಮುಗಿದ ಮೇಲೆಯೇ ಬಿಡುವು ಎಂದರು. ಹೊಲ ಗುತ್ತಿಗೆಗೆ ಕೊಟ್ಟು ಆರು ವರ್ಷವಾಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದರೆ ಇಲ್ಲಿ ಸೂರ್ಯ ಹುಟ್ಟುವುದು ಎಂಟೂವರೆಯ ಮೇಲೆ; ಅಷ್ಟು ಹೊತ್ತು ಅವರಿಗೆ ಮಾಡಲು ಏನೂ ಇರಲಿಲ್ಲ. ಮೂರನೆಯ ದಿನದಿಂದ ನನ್ನ ದಪ್ಪ ಕೋಟು ಹಾಕಿಕೊಂಡು ಹೊರಗೆ ಹೋಗಿ ಟ್ರಕ್ಕಿನ ಬಾನೆಟ್ ಮುಟ್ಟಿ ನೋಡಿ ಬರತೊಡಗಿದರು. ಕೊಟ್ಟಿಗೆಯಲ್ಲಿ ಎತ್ತಿನ ಬೆನ್ನು ಸವರುತ್ತಿದ್ದದ್ದು ಹೀಗೆಯೇ. ಒಂದು ರಾತ್ರಿ ಊರಿನಿಂದ ತಂದ ಕರಿ ಕಂಬಳಿಯನ್ನು ಎಂಜಿನ್ನಿನ ಮೇಲೆ ಹೊದಿಸಲು ಹೊರಟಿದ್ದರು. ಬಿಸಿಯಾಗುವ ಜಾಗ, ಬೆಂಕಿ ಹತ್ತುತ್ತದೆ ಎಂದು ನಾನು ರೇಗಿದೆ. ನೀವೂ ಹೊದಿಸಬೇಡಿ. ಆದರೆ ಹಾಗೆ ರೇಗಲೂಬೇಡಿ. ಕಂಬಳಿ ಈಗ ನಮ್ಮ ಮನೆಯ ಕಪಾಟಿನಲ್ಲಿದೆ, ಅಪ್ಪ ಇಲ್ಲ.

ಇನ್ನು ಎಲ್ಲರೂ ಒಮ್ಮೆ ಮಾಡಿಯೇ ಮಾಡುವ ತಪ್ಪು: ಪ್ಲಗ್ ಕೀಳದೆ ಹೊರಟುಬಿಡುವುದು. ನಾನು ಎರಡು ಬಾರಿ ಮಾಡಿದ್ದೇನೆ. ಎರಡನೆಯ ಸಲ ಹರಿದ ತಂತಿಯನ್ನು ಬಾಲದಂತೆ ಎಳೆದುಕೊಂಡು ಮಗಳ ಶಾಲೆಯ ಬಾಗಿಲಿನವರೆಗೂ ಹೋದೆ. ಅವಳು ಒಂದು ವಾರ ನನ್ನೊಂದಿಗೆ ಶಾಲೆಗೆ ಬರಲು ಒಪ್ಪಲಿಲ್ಲ. ಆಮೇಲೆ ಉಪಾಯ ಹೇಳಿದವಳೂ ಅವಳೇ: ತಂತಿಯನ್ನು ಚಾಲಕನ ಬದಿಯ ಕನ್ನಡಿಗೆ ಒಂದು ಸುತ್ತು ಹಾಕಿ ಬಿಡುವುದು. ಬಾಗಿಲು ತೆರೆಯಲು ಹೋದರೆ ಕೈಗೆ ತಡೆಯುತ್ತದೆ.

ಈಗ ಸಂಜೆ ಪ್ಲಗ್ ಹಾಕಿ ಟೈಮರ್ ಪರೀಕ್ಷಿಸುವ ಕೆಲಸ ಅವಳದು. ನನ್ನೊಂದಿಗೆ ಮಾತೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕೇಳಿದ್ದಕ್ಕೂ ಇಂಗ್ಲಿಷಿನಲ್ಲಿಯೇ ಉತ್ತರ. ಟೋಪಿಯನ್ನು ಸ್ವಲ್ಪ ಸರಿಸಿ, ಬಾನೆಟ್ಟಿಗೆ ತಾಗದಂತೆ ಕಿವಿಯೊಡ್ಡಿ ನಿಲ್ಲುತ್ತಾಳೆ. ನಾನು ಬಾಗಿಲಿನಿಂದ, ಏನಾಯಿತು, ಎಂದು ಕೂಗುತ್ತೇನೆ.

"ಗುಂಯ್," ಎನ್ನುತ್ತಾಳೆ.