ದೀಪ ಹಚ್ಚಿದ ಮೇಲಿನ ಎರಡು ಗಂಟೆ

ನಮ್ಮ ಯಜಮಾನರು ಹೋದ ಮೇಲೆ ವೈಕುಂಠ ಸಮಾರಾಧನೆ ಮುಗಿಯುವವರೆಗೂ ಮನೆ ತುಂಬ ಜನ. ಅಳುವುದಕ್ಕೂ ಪುರುಸೊತ್ತು ಇರಲಿಲ್ಲ. ಆಮೇಲೆ ನೆಂಟರು ಹೊರಟರು, ಮಗ ಸೊಸೆ ಪುಣೆಗೆ ಹೊರಟರು. 'ನೀವೂ ಅವರ ಜೊತೆ ಹೋಗಿಬಿಡಿ' ಎಂದು ಎಲ್ಲರೂ ಹೇಳಿದರು. ನಾನು ಮೈಸೂರಲ್ಲೇ ಉಳಿದೆ. ಗುರುತಿಲ್ಲದ ಊರು, ಇಬ್ಬರೂ ಕೆಲಸಕ್ಕೆ ಹೋಗುವ ಮನೆ. ಅಲ್ಲಿ ಹಗಲೆಲ್ಲ ಒಬ್ಬಳೇ ಕೂರುವುದು ಇನ್ನೂ ಕಷ್ಟ ಅಲ್ವಾ?

ಒಂಟಿತನ ಇಡೀ ದಿನ ಒಂದೇ ಥರ ಕಾಡುವುದಿಲ್ಲ. ಹಾಲು, ಹೂವು, ಪೂಜೆ ಅಂತ ಬೆಳಗ್ಗೆ ಹೇಗೋ ಕಳೆಯುತ್ತದೆ. ಸಂಜೆ ದೀಪ ಹಚ್ಚಿದ ಮೇಲಿನ ಎರಡು ಗಂಟೆ ಮಾತ್ರ ತಡೆಯಲು ಆಗುತ್ತಿರಲಿಲ್ಲ. ಅವರು ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು, ಚಪ್ಪಲಿ ಬಿಡುತ್ತಲೇ 'ಏನೇ, ಕಾಫಿ ಇಡ್ತೀಯಾ?' ಎನ್ನುತ್ತಿದ್ದ ಹೊತ್ತು ಅದು. ಟಿ.ವಿ. ಹಾಕಿ ನೋಡಿದೆ. ಸದ್ದು ಬರುತ್ತದೆ, ಮಾತಿಗೆ ಮಾತು ಬರುವುದಿಲ್ಲ. ಒಮ್ಮೆ ತಂಗಿ ಫೋನ್ ಮಾಡಿ, 'ನೆಗಡಿಯಾ ಅಕ್ಕಾ? ಗಂಟಲು ಕಟ್ಟಿದೆ' ಎಂದಳು. ನೆಗಡಿ ಇರಲಿಲ್ಲ. ಬೆಳಗ್ಗೆಯಿಂದ ಯಾರ ಜೊತೆಯೂ ಮಾತಾಡಿರಲಿಲ್ಲ, ಅಷ್ಟೇ.

ಆ ಎರಡು ಗಂಟೆಗೇ ಏನಾದರೂ ದಾರಿ ಹುಡುಕಬೇಕು ಅನ್ನಿಸಿತು. ಎದುರು ಮನೆಯ ಹುಡುಗಿ ಕಣ್ಣು ಕಾಣದ ತನ್ನ ಗೆಳತಿಯೊಬ್ಬಳ ಬಗ್ಗೆ ಹೇಳಿದಳು. ಬಿ.ಎ. ಓದುತ್ತಿದ್ದಾಳೆ, ನೋಟ್ಸ್ ಓದಿ ಹೇಳುವವರು ಬೇಕು. ಒಪ್ಪಿಕೊಂಡೆ. ದೀಪ ಹಚ್ಚಿ, ಕಾಫಿ ಕುಡಿದು, ಇತಿಹಾಸದ ಪಾಠ ಜೋರಾಗಿ ಓದಿ ಫೋನಲ್ಲಿ ರೆಕಾರ್ಡ್ ಮಾಡುತ್ತೇನೆ. ಎಂಟು ಗಂಟೆಯೊಳಗೆ ವಾಟ್ಸಾಪಲ್ಲಿ ಕಳಿಸುತ್ತೇನೆ. ಓದುವುದಕ್ಕೂ ಒಂದು ಕ್ರಮ ಇದೆ ಎಂದು ಅವಳೇ ಕಲಿಸಿದಳು. ಇಸವಿಗಳನ್ನು ಎರಡು ಸಲ ಹೇಳಬೇಕು. ನಕ್ಷೆ ಬಂದರೆ ಯಾವ ಊರು ಯಾವ ದಿಕ್ಕಿಗಿದೆ ಎಂದು ವಿವರಿಸಬೇಕು. ಪುಟ ಸಂಖ್ಯೆ ಬಿಡಬಾರದು. ತಡವಾದರೆ 'ಆಂಟಿ, ಹುಷಾರಾಗಿದ್ದೀರಾ?' ಎಂದು ಫೋನ್ ಬರುತ್ತದೆ. ಸುಮ್ನೆ ಹೊತ್ತು ಕಳೆಯುವ ಹವ್ಯಾಸ ಯಾವುದಾದರೂ ನನ್ನನ್ನು ಇಷ್ಟು ಹಿಡಿದು ನಿಲ್ಲಿಸುತ್ತಿರಲಿಲ್ಲ. ನಮಗಾಗಿ ಕಾಯುವವರು ಒಬ್ಬರು ಬೇಕು.

ಊಟದ್ದು ಇನ್ನೊಂದು ಕಥೆ. ಒಬ್ಬಳಿಗೆ ಏನು ಅಡುಗೆ ಎಂದು ರಾತ್ರಿ ಮಜ್ಜಿಗೆ ಕುಡಿದು ಮಲಗುವುದು ಶುರುವಾಗಿತ್ತು. ಪಕ್ಕದ ಮನೆಯವರ ಜೊತೆ ಮಾತಾಡಿಕೊಂಡೆ. ಹುಳಿ ನನ್ನದು, ಚಪಾತಿ ಅವರದ್ದು. ಪಾತ್ರೆ ವಾಪಸ್ ಕೊಡುವ ನೆಪದಲ್ಲಿ ನಾಲ್ಕು ಮಾತೂ ಆಗುತ್ತದೆ.

ಹೊರಗೆ ಓಡಾಡಲು ಸಿಟಿ ಬಸ್ಸು ಇದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ತೋರಿಸಿ ದೇವರಾಜ ಮಾರುಕಟ್ಟೆಗೆ ಹೋಗಿ, ಕಾಲು ಕೆ.ಜಿ. ಬೀನ್ಸ್ ತಂದರೂ ಸರಿ. ಬ್ಯಾಂಕಿಗೂ ನಾನೇ ಹೋಗುತ್ತೇನೆ. ಕುಟುಂಬ ಪಿಂಚಣಿ ಬರುವುದರಿಂದ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕಲ್ಲ.

ತುಂಬ ನೋಯಿಸಿದ್ದು ಶುಭಕಾರ್ಯಗಳಿಗೆ ಕರೆಯುವುದು ನಿಂತಿದ್ದು. ಕೆಲವರು ಸಂಪ್ರದಾಯಕ್ಕೆ ಹೆದರಿದರು. ಕೆಲವರು 'ಪಾಪ, ಬೇಜಾರಾದೀತು' ಎಂದು ಅವರೇ ತೀರ್ಮಾನಿಸಿದರು. ತಂಗಿ ಮಗಳ ಸೀಮಂತಕ್ಕೆ ನಾನೇ ಫೋನ್ ಮಾಡಿ, 'ನಾನೂ ಬರ್ತೀನಿ ಕಣೇ' ಎಂದೆ. ಹೋದಾಗ ಅವಳು ಎಲ್ಲರೆದುರಿಗೆ ಹಸಿರು ಬಳೆ ನನ್ನ ಕೈಗಿಟ್ಟು, 'ದೊಡ್ಡಮ್ಮ, ನೀವೇ ತೊಡಿಸಿ' ಎಂದಳು. ಯಾರೂ ತುಟಿ ಬಿಚ್ಚಲಿಲ್ಲ. ಆ ಹುಡುಗಿಯ ಧೈರ್ಯ ಎಲ್ಲ ಮನೆಗಳಲ್ಲೂ ಬರಲಿ.

ಇಷ್ಟೆಲ್ಲ ಮಾಡಿದರೂ ಕೆಲವು ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ದುಃಖ ಕಾಯಿಲೆಯಲ್ಲ, ನಿಜ. ಆದರೆ ತಿಂಗಳುಗಟ್ಟಲೆ ಊಟ, ನಿದ್ದೆ, ಕೆಲಸ ಯಾವುದೂ ಸೇರದಿದ್ದರೆ ಸಹಾಯ ಕೇಳಬೇಕು. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ. ನಾನೂ ಒಂದು ರಾತ್ರಿ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಅತ್ತಾಗ ತಡೆಯಲಿಲ್ಲ. ನಿದ್ದೆಯ ಬಗ್ಗೆ ವಿಚಾರಿಸಿ, ಹತ್ತಿರದ ಡಾಕ್ಟರಿಗೂ ತೋರಿಸಿ ಎಂದರು. ಮಾರನೆಯ ದಿನವೇ ಹೋಗಿ ತೋರಿಸಿದೆ.