ಗಂಡಾಳಿನ ಹೇಳಿಕೆ ಬರೆಸುವುದು

ಜೀತದಿಂದ ಬಿಡಿಸಿ ತಂದ ಕುಟುಂಬಗಳನ್ನು ಸರ್ಕಾರಿ ಕಚೇರಿಯ ಜಗಲಿಯಲ್ಲಿ ಕೂರಿಸಿದ ಮೇಲೆ ಏನಾಗುತ್ತದೆಂದು ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಮಕ್ಕಳಿಗೆ ಬಿಸ್ಕತ್ತು ಬರುತ್ತದೆ, ಹೆಂಗಸರಿಗೆ ಚಹಾ, ಗಂಡಸರಿಗೆ ಪ್ರಶ್ನೆ. ‘ಗೇಟಿಗೆ ಬೀಗ ಇರಲಿಲ್ಲವಂತೆ. ಕೈಕಾಲು ಗಟ್ಟಿಯಾಗಿವೆ. ಎದ್ದು ಹೋಗಬಾರದಿತ್ತೇನಯ್ಯಾ?’ ಕೇಳುವವರು ಕೆಟ್ಟವರೇನಲ್ಲ. ಆ ಬಿಸ್ಕತ್ತಿಗೆ ಸ್ವಂತ ಜೇಬಿನಿಂದ ದುಡ್ಡು ಕೊಟ್ಟವರೂ ಅವರೇ.

ಇದು ನಮ್ಮ ಕಚೇರಿಗಳಿಗೆ ಅಂಟಿದ ಗುಣವೂ ಅಲ್ಲ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಹಲ್ಲೆಯ ಒಂದು ಕಟ್ಟುಸುದ್ದಿಯನ್ನು ಓದಲು ಕೊಟ್ಟರು. ಹೊಡೆತ ತಿಂದದ್ದು ಕೆಲವರ ಪ್ರತಿಯಲ್ಲಿ ಕೂಸು, ಕೆಲವರದರಲ್ಲಿ ನಾಯಿಮರಿ, ಉಳಿದವರದರಲ್ಲಿ ಬೆಳೆದ ನಾಯಿ ಅಥವಾ ಮೂವತ್ತು ದಾಟಿದ ಮನುಷ್ಯ. ಎಲ್ಲಕ್ಕಿಂತ ಕಡಿಮೆ ಮರುಕ ದಕ್ಕಿದ್ದು ಆ ವಯಸ್ಕನಿಗೆ. ಬೆಳೆದವನು ತನ್ನನ್ನು ತಾನು ಕಾಪಾಡಿಕೊಳ್ಳಬೇಕಿತ್ತು ಎಂಬ ಲೆಕ್ಕ ನಮ್ಮೊಳಗೆ ಮೊದಲೇ ಆಗಿಹೋಗಿರುತ್ತದೆ. ಸರ್ಕಾರದ ಲೆಕ್ಕವೂ ಹೆಚ್ಚುಕಡಿಮೆ ಹಾಗೆಯೇ: 2016ರ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಗಂಡಸಿಗೆ 1 ಲಕ್ಷ ರೂಪಾಯಿ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ.

ಹಾಗಾಗಿ ಗಂಡಸರ ಹೇಳಿಕೆ ಬರೆಸುವಾಗ ನಾನು ಕಷ್ಟದಿಂದ ಶುರು ಮಾಡುವುದಿಲ್ಲ. ‘ಬಹಳ ಹಿಂಸೆ ಕೊಟ್ಟರು ಸಾರ್’ ಎಂಬ ಸಾಲಿಗೆ ಅಧಿಕಾರಿ ತಲೆ ಎತ್ತುವುದೇ ಇಲ್ಲ. ‘ಯಾಕೆ ಹೋಗಲಿಲ್ಲ’ ಎಂಬುದಕ್ಕೆ ಉತ್ತರ ಮೊದಲ ಪುಟದಲ್ಲಿಯೇ ಇರಬೇಕು. ಮುಂಗಡ ಎಷ್ಟು, ಕೈಗೆ ಕೊಟ್ಟವರು ಯಾರು, ಲೆಕ್ಕದ ಪುಸ್ತಕ ಯಾರ ಬಳಿ ಇದೆ, ವಾರದ ಖರ್ಚಿಗೆ ಏನು ಸಿಗುತ್ತಿತ್ತು, ಆಧಾರ್ ಕಾರ್ಡು ಯಾರ ಬೀರುವಿನಲ್ಲಿದೆ.

ಇಟ್ಟಿಗೆ ಗೂಡಿನಲ್ಲಿದ್ದ ಒಬ್ಬರು ಯಾವ ಪ್ರಶ್ನೆಗೂ ‘ಏನೂ ಇಲ್ಲ ಸಾರ್, ಕೆಲಸ ಮಾಡುತ್ತಿದ್ದೆವು’ ಎಂದಷ್ಟೇ ಹೇಳುತ್ತಿದ್ದರು. ಹೆಂಡತಿ ಮಕ್ಕಳ ಎದುರಿಗೆ ಹೆದರಿದೆ ಎನ್ನಲು ಯಾವ ಗಂಡಸಿಗೂ ಬಾಯಿ ಬರುವುದಿಲ್ಲ. ಅವರನ್ನು ಕಾಂಪೌಂಡಿನ ಆಚೆ ಕರೆದುಕೊಂಡು ಹೋಗಿ ಬೀಡಿ ಹಚ್ಚಲು ಬಿಟ್ಟು, ಸಂತೆಗೆ ಯಾರು ಹೋಗುತ್ತಿದ್ದಿರಿ ಎಂದು ಕೇಳಿದೆ. ‘ನಾನು ಹೋದರೆ ಅವಳು ಮಕ್ಕಳನ್ನು ಇಟ್ಟುಕೊಂಡು ಗೂಡಿನಲ್ಲೇ ಇರಬೇಕು. ಅವಳು ಹೋದರೆ ನಾನು. ಇಬ್ಬರನ್ನೂ ಒಟ್ಟಿಗೆ ಬಿಡುತ್ತಿರಲಿಲ್ಲ.’ ಗೇಟಿಗೆ ಬೀಗ ಯಾಕೆ ಬೇಕಿರಲಿಲ್ಲ ಎಂಬುದು ಇಷ್ಟರಲ್ಲಿ ತಿಳಿಯಿತು. ಆ ಮಾತನ್ನು ಒಂದಕ್ಷರ ತಿದ್ದದೆ ಹೇಳಿಕೆಯ ಮೊದಲ ಸಾಲಾಗಿ ಬರೆಸಿದೆ.

ಕಾನೂನು ಈ ವಿಷಯದಲ್ಲಿ ಜನರಿಗಿಂತ ಉದಾರಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ 15ನೇ ಕಲಮಿನ ಪ್ರಕಾರ, ಇದು ಜೀತದ ಸಾಲವಲ್ಲ ಎಂದು ತೋರಿಸುವ ಹೊಣೆ ಸಾಲ ಕೊಟ್ಟವನದು. ಹಸಿವು ಬಡತನಗಳ ಒತ್ತಡವೂ ಬಲವಂತವೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ, ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ಇವೆರಡರ ನಕಲು ಸದಾ ನನ್ನ ಚೀಲದಲ್ಲಿರುತ್ತದೆ. ಚೀಲದಿಂದ ತೆಗೆಯುವುದು ಮಾತ್ರ ಹೇಳಿಕೆ ಓದಿ ಮುಗಿದ ಮೇಲೆ. ಮೊದಲೇ ತೋರಿಸಿದರೆ ಸಾಹೇಬರಿಗೆ ಪಾಠ ಹೇಳಿದಂತಾಗಿ ಕೆಲಸ ಕೆಡುತ್ತದೆ.

ಇನ್ನೊಂದು ಸಂಗತಿ ಸರದಿಯದು. ಮಕ್ಕಳದು ಮೊದಲಾದರೆ ಮಧ್ಯಾಹ್ನದ ಹೊತ್ತಿಗೆ ಅಧಿಕಾರಿಗಳ ತಾಳ್ಮೆಯೂ ಮರುಕವೂ ಮುಗಿದಿರುತ್ತವೆ. ಅದಕ್ಕೇ ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಗಂಡಸರನ್ನು ಒಳಗೆ ಕಳುಹಿಸುತ್ತೇನೆ. ಮಕ್ಕಳನ್ನು ಹಿಂದೆ ಇಟ್ಟಿರಿ ಎಂದು ನನ್ನ ಜೊತೆಗಾರರೇ ಕೆಲವರು ಮುನಿಸಿಕೊಂಡಿದ್ದಾರೆ. ಮಕ್ಕಳಿಗೆ ಮಕ್ಕಳ ಕಲ್ಯಾಣ ಸಮಿತಿ ಇದೆ, 1098 ಸಹಾಯವಾಣಿ ಇದೆ. ಜೀತದಿಂದ ಬಿಡುಗಡೆಯಾದ ಎಂಬ ಅವರಪ್ಪನ ಪತ್ರಕ್ಕೆ ಸಹಿ ಬೀಳಬೇಕಾದದ್ದು ಆ ಅಧಿಕಾರಿಯ ಮೇಜಿನ ಮೇಲೆಯೇ.